ಕಾದ ಬಂಡೆ, ಬುತ್ತಿ ಬಟ್ಟೆ

ಎಂಬತ್ತರ ದಶಕದಲ್ಲಿ ನಾನು ಕೂಡ್ಲಿಗಿಯಲ್ಲಿ ಟೈಪಿಸ್ಟ್ ಆಗಿದ್ದೆ. ಕಾನಹೊಸಹಳ್ಳಿ ಕಡೆಯ ಒಂದು ಗುಡ್ಡವನ್ನು ಸೀರೆ ಉಟ್ಟವರು ಹತ್ತೋದು ಆಗದ ಮಾತು ಅಂತ ಆಫೀಸಿನ ಗಂಡಸರು ನಕ್ಕರು. ಭಾನುವಾರ ಹತ್ತಿ, ಮಧ್ಯಾಹ್ನದ ಬಸ್ಸಿಗೇ ವಾಪಸ್ ಬರ್ತೀನಿ ಅಂದುಬಿಟ್ಟೆ.

ಗುಡ್ಡದ ಬುಡದಲ್ಲಿ ಚಾದಂಗಡಿಯವನು ತಡೆದ. "ಇಡೀ ಗುಡ್ಡನೇ ದೇವ್ರು ಐತ್ರಿ ಅಕ್ಕಾರ. ಚಪ್ಪಲಿ ಇಲ್ಲೇ ಬಿಡ್ರಿ."

ಬಿಟ್ಟೆ. ಬರಿಗಾಲಿಗೆ ಬಂಡೆ ಜಾರಲಿಲ್ಲ, ಹತ್ತೇಬಿಟ್ಟೆ. ಇಳಿಯಲು ಕಾಲಿಟ್ಟರೆ ಅದೇ ಬಂಡೆ ಕಾದ ಹಂಚಾಗಿತ್ತು. ತುದಿಯ ಗುಡಿಯ ನೆರಳಿನಲ್ಲಿ ಒಬ್ಬ ಅಜ್ಜಿ ಕಾಲು ಚಾಚಿ ಕೂತಿದ್ದಳು.

"ಕುಂದ್ರವ್ವ. ಬಂಡಿ ತಣ್ಣಗಾದ ಮ್ಯಾಲೆ ಸಂಜಿಗೆ ಇಳಿಯೋಣು. ನಾ ವರ್ಷಾ ವರ್ಷಾ ಹಿಂಗ ಕುಂದ್ರತೀನಿ."

ಸಂಜೆ ಇಳಿದರೆ ಬಸ್ಸು ತಪ್ಪುತ್ತದೆ, ಆಫೀಸಿನವರು ಮತ್ತೆ ನಗುತ್ತಾರೆ. ರೊಟ್ಟಿ ಕಟ್ಟಿ ತಂದಿದ್ದ ಬುತ್ತಿ ಬಟ್ಟೆಯನ್ನು ಎರಡಾಗಿ ಹರಿದು ಪಾದಗಳಿಗೆ ಸುತ್ತಿಕೊಂಡೆ.

ಅಜ್ಜಿ ಗಾಬರಿಯಾದಳು. "ಯವ್ವಾ, ದೇವ್ರಿಗೆ ನಡೀತೈತೇನು ಇದು?"

"ಚಪ್ಪಲಿ ಬ್ಯಾಡ ಅಂದಾರ, ಅಜ್ಜಿ. ಬಟ್ಟಿ ಬ್ಯಾಡ ಅಂದಿಲ್ಲ."

ಅವಳು ನನ್ನ ಪಾದ ನೋಡಿದಳು, ಬಂಡೆ ನೋಡಿದಳು. ಆಮೇಲೆ ತನ್ನ ಬುತ್ತಿ ಬಿಚ್ಚಿ, ಉಳಿದ ರೊಟ್ಟಿಯನ್ನು ನನ್ನ ಕೈಗಿಟ್ಟು, ಬಟ್ಟೆಯನ್ನು ಮುಂದೆ ಹಿಡಿದಳು. "ಇದನ್ನೂ ಹರಿ."

ಇಬ್ಬರೂ ಕೈ ಹಿಡಿದುಕೊಂಡು ಇಳಿದೆವು. ಚಾದಂಗಡಿಯವನ ಕಣ್ಣು ನಮ್ಮ ಪಾದದ ಮೇಲೆಯೇ ಬಿತ್ತು. "ಏನಬೇ ಅಜ್ಜಿ, ಕಾಲಿಗೇನಿದು?"

ನಾನು ಬಾಯಿ ತೆರೆಯುವ ಮೊದಲೇ ಅಜ್ಜಿ ಗಂಭೀರವಾಗಿ ಅಂದಳು: "ಹರಕಿ ಐತಪ್ಪ."

ಬಸ್ಸು ಸಿಕ್ಕಿತು. ಮರುವರ್ಷ ಹೋದಾಗ ಅವನ ಅಂಗಡಿ ಮುಂದೆ ಕಾಲಿಗೆ ಸುತ್ತುವ ಹರಕೆ ಬಟ್ಟೆ ಮಾರಾಟಕ್ಕೆ ತೂಗುತ್ತಿತ್ತು.