ಸೋತಿದ್ದು ಮಾವನಲ್ಲ, ಹಾರ್ಡ್ ಡಿಸ್ಕು!

ಮೊನ್ನೆ ನಮ್ಮ ಮಾವ ಒಂದು ವಿಚಿತ್ರ ಬೇಡಿಕೆ ಇಟ್ಟರು. "ನೋಡಮ್ಮಾ, ಆ ಹೊಸದನ್ನ ಬಿಚ್ಚಿಹಾಕು. ಹಳೇದನ್ನೇ ವಾಪಸ್ ಹಾಕಿಬಿಡು."

ಹೊಸದು ಅಂದರೆ ಮನೆಯ ಕಂಪ್ಯೂಟರಿಗೆ ನಾನು ಆಗಷ್ಟೇ ಹಾಕಿದ್ದ ಎಸ್ಎಸ್‌ಡಿ, ಚಕ್ಕನೆ ಓಡುವ ಹೊಸ ಬಗೆಯ ಡಿಸ್ಕು. ಹಳೆಯದು ಅಂದರೆ ಹಾರ್ಡ್ ಡಿಸ್ಕ್. ಆನ್ ಮಾಡಿ, ಡಿಕಾಕ್ಷನ್ ಇಳಿಸಿ, ಹಾಲು ಕಾಯಿಸಿ ಬರುವ ಹೊತ್ತಿಗೆ ಗರಗರ ಎನ್ನುತ್ತಾ ಕಣ್ಣು ಬಿಡುತ್ತಿತ್ತು. ಅಂಥದ್ದನ್ನು ಯಾರಾದರೂ ವಾಪಸ್ ಕೇಳುತ್ತಾರೆಯೇ? ಕೇಳುತ್ತಾರೆ. ಯಾಕೆಂದರೆ ಇದು ಮಾನದ ಪ್ರಶ್ನೆ.

ಮೊದಲಿನಿಂದ ಹೇಳುತ್ತೇನೆ. ಮಾವ ಇನ್ಶೂರೆನ್ಸ್ ಕಂಪನಿಯಿಂದ ನಿವೃತ್ತರಾದವರು. ಚೆನ್ನೈನ ವಡಪಳನಿಯ ನಮ್ಮ ಫ್ಲ್ಯಾಟಿನಲ್ಲಿ ಕೂತು, ಮಾಧವರಂನಲ್ಲಿರುವ ಗೆಳೆಯ ವೆಂಕೋಬರಾಯರ ಜೊತೆ ದಿನಾ ಮಧ್ಯಾಹ್ನ ಆನ್‌ಲೈನ್ ಚೆಸ್ ಆಡುತ್ತಾರೆ. ರಾಯರು ರೈಲ್ವೆಯಲ್ಲಿದ್ದವರು, ಟೈಮ್ ಅಂದರೆ ಟೈಮ್. (ಇಲ್ಲಿನ ರೈಲುಗಳಿಗೂ ಇದನ್ನು ಕಲಿಸಿದ್ದರೆ ಚೆನ್ನಾಗಿತ್ತು.) ಹಾಗಾಗಿ ಗಡಿಯಾರ ಇಟ್ಟೇ ಆಟ. ಯಾರ ಪಾಲಿನ ಸಮಯ ಮೊದಲು ಮುಗಿಯಿತೋ ಅವರು ಸೋತ ಹಾಗೆ.

ಸೋಲುತ್ತಿದ್ದವರು ಸದಾ ನಮ್ಮ ಮಾವ.

"ನಾನೆಲ್ಲೋ ಸೋತೆ? ಕುದುರೆ ಎತ್ತಿದೆ, ಅದು ಅಲ್ಲೇ ಹ್ಯಾಂಗಾಗಿ ನಿಂತ್ಕೊಂಡ್ತು. ಸೋತಿದ್ದು ಕಂಪ್ಯೂಟರು!" ಎಂದು ಫೋನಿನಲ್ಲಿ ಕೂಗುತ್ತಿದ್ದರು. ರಾಯರ ನಗು ಅಡುಗೆಮನೆಯವರೆಗೂ ಕೇಳುತ್ತಿತ್ತು. ಅವತ್ತು ಸಂಜೆಯ ಉಪ್ಪಿಟ್ಟಿಗೆ ಉಪ್ಪು ಜಾಸ್ತಿಯಾಗಿರುತ್ತಿತ್ತು. (ಮಾವ ಗೆದ್ದಿದ್ದರೆ ಅದೇ ಉಪ್ಪಿಟ್ಟು ಅಮೃತ.)

ಸಾಕಪ್ಪಾ ಎನಿಸಿ, ಕಂಪ್ಯೂಟರನ್ನೇ ಅಪ್‌ಗ್ರೇಡ್ ಮಾಡುತ್ತೇನೆ ಎಂದು ಮನೆಯಲ್ಲಿ ಘೋಷಿಸಿದೆ. ತಕ್ಷಣ ಎಲ್ಲರೂ ತಜ್ಞರಾದರು.

ಶೋಳಿಂಗನಲ್ಲೂರಿನ ಆಫೀಸಿನಿಂದ ಬಂದ ನನ್ನ ಗಂಡ ಶೂ ಬಿಚ್ಚುವ ಮೊದಲೇ ಹೇಳಿದ: "ದೊಡ್ಡ ಮಾನಿಟರ್ ತಗೊಳ್ಳೋಣ ಕಣೇ. ಅಪ್ಪನ ಕಣ್ಣಿಗೆ ಒಳ್ಳೇದು." ಕ್ರಿಕೆಟ್ ಸೀಸನ್ ಹತ್ತಿರ ಬಂದಿರುವುದು ನನಗೆ ಗೊತ್ತಿಲ್ಲವೇ? ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲೇ ಉತ್ತರಿಸುವ ಮಗಳು, "ಗ್ರಾಫಿಕ್ಸ್ ಕಾರ್ಡ್ ಪೋಡುಮ್ಮಾ, ತಾತಾವುಕ್ಕು ನಲ್ಲದು" ಅಂದಳು. ಗ್ರಾಫಿಕ್ಸ್ ಕಾರ್ಡ್ ಹಾಕಿಸಿದರೆ ತಾತನಿಗೆ ಒಳ್ಳೆಯದಂತೆ! ಅರವತ್ತನಾಲ್ಕು ಚೌಕ ತೋರಿಸಲು ಗ್ರಾಫಿಕ್ಸ್ ಕಾರ್ಡು? ಅವಳ ಗನ್‌ಫೈಟ್ ಗೇಮಿಗೆ ಅಂತ ಹೇಳಬಾರದೇ? ಮನೆಯಲ್ಲಿ ಹಿರಿಯರೊಬ್ಬರು ಇರಬೇಕು ನೋಡಿ. ಅವರ ಹೆಸರಿನಲ್ಲಿ ಎಷ್ಟೊಂದು ಆಸೆ ತೀರಿಸಿಕೊಳ್ಳಬಹುದು!

ನಾನು ವಿಡಿಯೋಗಳನ್ನು ನೋಡಿ ನೋಡಿ ಒಂದು ತೀರ್ಮಾನಕ್ಕೆ ಬಂದಿದ್ದೆ. ಪ್ರೊಸೆಸರ್ ಇನ್ನೂ ಗಟ್ಟಿಮುಟ್ಟಾಗಿದೆ. ಕಾಲೆಳೆಯುತ್ತಿರುವುದು ಡಿಸ್ಕು, ಜೊತೆಗೆ ಸಾಕಾಗದ ರ‍್ಯಾಮ್. ಅವೆರಡು ಸಾಕು.

ಮಾವನನ್ನು ಕರೆದುಕೊಂಡೇ ಕಂಪ್ಯೂಟರ್ ಅಂಗಡಿಗಳ ರಿಚಿ ಸ್ಟ್ರೀಟಿಗೆ ಹೋದೆ. ನಮ್ಮ ಹಳೆಯ ಮಾಡೆಲ್ ಹೆಸರು ಕೇಳಿದ ಅಂಗಡಿಯವನು, ತೀರಿಕೊಂಡವರ ಸುದ್ದಿ ಕೇಳಿದವನ ಹಾಗೆ ಮುಖ ಮಾಡಿದ. "ಎಲ್ಲಾಮೇ ಮಾತ್ತಿಡಲಾಮ್ ಮೇಡಂ." ಎಲ್ಲವನ್ನೂ ಬದಲಾಯಿಸೋಣವಂತೆ. ಮದರ್‌ಬೋರ್ಡ್ ಬದಲಾದರೆ ಪ್ರೊಸೆಸರ್, ಪ್ರೊಸೆಸರ್ ಬದಲಾದರೆ ರ‍್ಯಾಮ್, ಇಷ್ಟೆಲ್ಲಾ ಆದಮೇಲೆ ಹಳೇ ಕ್ಯಾಬಿನೆಟ್ ಯಾಕೆ? ಹೊಸ ಕರ್ಟನ್ ತಂದ ದಿನವೇ ಸೋಫಾ ಹಳತಾಗುತ್ತದಲ್ಲ, ಅದೇ ಕಥೆ. ಅಷ್ಟರಲ್ಲಿ ಮಾವ ಬಣ್ಣಬಣ್ಣದ ಲೈಟಿನ ಫ್ಯಾನೊಂದನ್ನು ನೋಡುತ್ತಾ ಮೈಮರೆತಿದ್ದರು. "ಇದು ಹಾಕಿದ್ರೆ ಸ್ಪೀಡಾಗುತ್ತೇನಮ್ಮಾ?"

"ಇಲ್ಲ ಮಾವ, ದೀಪಾವಳಿಯಾಗುತ್ತೆ" ಎಂದು ಅವರನ್ನು ಹೊರಡಿಸಿದೆ. ಕೊಂಡಿದ್ದು ಎಸ್ಎಸ್‌ಡಿ, ನಮ್ಮ ಬೋರ್ಡಿಗೆ ಹೊಂದುವ ರ‍್ಯಾಮ್, ಅಷ್ಟೇ.

ಭಾನುವಾರ ಗಂಡನ ಕೈಗೆ ಟಾರ್ಚ್ ಕೊಟ್ಟು ನಾನೇ ಕ್ಯಾಬಿನೆಟ್ ಬಿಚ್ಚಿದೆ. ಒಳಗೆ ಒಂದು ದಿಂಬಿಗಾಗುವಷ್ಟು ಧೂಳು. ಹಳೆಯ ಡಿಸ್ಕಿನಲ್ಲಿದ್ದುದನ್ನೆಲ್ಲ ಹೊಸದಕ್ಕೆ ಕಾಪಿ ಮಾಡಿ, ಸ್ಕ್ರೂ ಬಿಗಿದು, ಸ್ವಿಚ್ ಒತ್ತಿದೆ. ಕೈಯ ಧೂಳು ಕೊಡವುವಷ್ಟರಲ್ಲಿ ಕಂಪ್ಯೂಟರ್ ರೆಡಿ!

"ಇಷ್ಟು ಬೇಗ ಬಂದ್ಬಿಡ್ತಾ?" ಮಾವನ ದನಿ ಸಣ್ಣಗಾಗಿತ್ತು. ಖುಷಿಯೇನೂ ಕಾಣಲಿಲ್ಲ. ಆಗ ನನಗೆ ಹೊಳೆಯಿತು. ಇಷ್ಟು ಕಾಲ ಸೋಲುತ್ತಿದ್ದುದು ಕಂಪ್ಯೂಟರೋ ತಾವೋ ಎಂಬುದು ಅವರಿಗೂ ಖಾತ್ರಿಯಿರಲಿಲ್ಲ. ಇನ್ನು ಅದು ಗೊತ್ತಾಗಿಬಿಡುತ್ತದೆ. ಪಾಪ, ಯಾರಿಗೆ ತಾನೇ ಭಯವಾಗುವುದಿಲ್ಲ?

ಸೋಮವಾರ ಮಾವ ಗೆದ್ದರು! ಮಂಗಳವಾರವೂ ಗೆದ್ದರು. ಸ್ಪೀಕರ್ ಫೋನ್ ಹಾಕಿ, ಇಡೀ ಮನೆಗೆ ಕೇಳುವಂತೆ ಕೇಳಿದರು: "ಏನೋ ವೆಂಕೋಬ, ಈಗ ಹೇಳು!"

ರಾಯರು ನಿಧಾನವಾಗಿ ಹೇಳಿದರು: "ನೀನೆಲ್ಲೋ ಗೆದ್ದೆ, ರಂಗ? ಸೋತಾಗೆಲ್ಲಾ ಸೋತಿದ್ದು ಕಂಪ್ಯೂಟರು ಅಂತಿದ್ದೆ. ಹಾಗಾದ್ರೆ ಈಗ ಗೆದ್ದಿದ್ದೂ ಕಂಪ್ಯೂಟರೇ. ನಿನ್ನ ಸೊಸೆಗೆ ಕಂಗ್ರಾಟ್ಸ್ ಹೇಳು."

ಮಗಳು ಬಾಯಿಗೆ ದುಪಟ್ಟಾ ಒತ್ತಿಕೊಂಡು ರೂಮಿಗೆ ಓಡಿದಳು. ಮಾವ ಫೋನ್ ಕಟ್ ಮಾಡಿ ನನ್ನ ಕಡೆ ತಿರುಗಿದರು. ಹಳೇ ಡಿಸ್ಕ್ ಹಾಕಿಕೊಡಬೇಕಂತೆ, ಅದರಲ್ಲೇ ರಾಯರನ್ನು ಸೋಲಿಸುತ್ತಾರಂತೆ!

"ಬೇಕಾದ್ರೆ ಗ್ಯಾಸ್ ಸ್ಟವ್ ಬಿಚ್ಚಿಕೊಡ್ತೀನಿ ಮಾವ, ಎಸ್ಎಸ್‌ಡಿ ಮಾತ್ರ ಬಿಚ್ಚಲ್ಲ. ಅಷ್ಟಿದ್ರೆ ಕಂಪ್ಯೂಟರೇ ಇಲ್ದೆ ಆಡಿ" ಎಂದೆ.

ತಮಾಷೆಗೆ ಅಂದಿದ್ದೆ. ಮರುದಿನ ಬೆಳಿಗ್ಗೆ ಮಾವ ಅಟ್ಟದಿಂದ ಮರದ ಚೆಸ್ ಬೋರ್ಡ್ ಇಳಿಸಿ, ಒರೆಸಿ, ಕಂಕುಳಲ್ಲಿಟ್ಟುಕೊಂಡು ಮಾಧವರಂ ಬಸ್ ಹತ್ತಿಯೇಬಿಟ್ಟರು. ಇಬ್ಬರೂ ಫೋನಿನಲ್ಲಿ ದಿನಾ ಜಗಳವಾಡುತ್ತಿದ್ದರು ನಿಜ, ಆದರೆ ಎದುರುಬದುರು ಕೂತು ಎಷ್ಟು ಕಾಲವಾಗಿತ್ತೋ. ಒಂದೇ ಊರಿನಲ್ಲಿದ್ದೂ!

ಸಂಜೆ ಮರಳಿದವರ ಮುಖ ಫಳಫಳ ಎನ್ನುತ್ತಿತ್ತು. ರಾಯರ ಹೆಂಡತಿ ಮಾಡಿದ ಬಿಸಿಬೇಳೆಬಾತಿನ ವರ್ಣನೆ ಮುಗಿಯುವವರೆಗೆ ಕಾದು, ಕೊನೆಗೆ ಕೇಳಿಯೇಬಿಟ್ಟೆ: "ಮಾವ, ಗೆದ್ದಿದ್ದು ಯಾರು?"

"ಒಂದಾಟ ನಾನು ಗೆದ್ದೆ. ಮಿಕ್ಕಿದ್ದು..." ಗಂಟಲು ಸರಿಮಾಡಿಕೊಂಡರು. "ಅವನ ಮನೆ ಹಾಲ್‌ನಲ್ಲಿ ಬೆಳಕೇ ಇಲ್ಲಮ್ಮಾ. ಒಂಟೆ ಯಾವುದು, ಮಂತ್ರಿ ಯಾವುದು ಅಂತಾನೇ ಕಾಣಲ್ಲ. ಶುಕ್ರವಾರ ಮತ್ತೆ ಹೋಗ್ಬೇಕು."

ಈಗ ನೀವೇ ಹೇಳಿ, ರಾಯರ ಮನೆಗೆ ಎಷ್ಟು ವಾಟಿನ ಬಲ್ಬ್ ಕಳಿಸಲಿ?