ಹೊಡೆದುಹಾಕಿದ ‘ಬಿಟ್ಟು’

ಕಳೆದ ವಾರ ಇಸ್ತ್ರಿಯಾಗಿ ಬಂದ ಅಂಗಿಯಲ್ಲಿ ಇದ್ದಿಲ ಹೊಗೆಯ ವಾಸನೆ ಉಳಿದಿತ್ತು. ತೊಡಲಾಗದೆ ಮಡಿಸಿಟ್ಟೆ. ಯುದ್ಧದ ಕಾಲದಲ್ಲಿ ಪೆಟ್ರೋಲು ಸಿಗದೆ ಇದ್ದಿಲ ಗ್ಯಾಸಿನಿಂದ ಓಡುತ್ತಿದ್ದ ಕದ್ರಿಯ ಬಸ್ಸಿಗೂ ಇದೇ ವಾಸನೆಯಿತ್ತು. ಅದರ ಡ್ರೈವರನನ್ನು ನೆನೆಯುವ ಅರ್ಹತೆ ನನಗಿದೆಯೇ ಎಂಬ ಅಳುಕಿನಿಂದಲೇ ಇದನ್ನು ಬರೆಯುತ್ತಿದ್ದೇನೆ.

ನಾನು ಆಗ ಶಾಲೆಯಲ್ಲಿ ಕನ್ನಡ ವ್ಯಾಕರಣ ಕಲಿಸುತ್ತಿದ್ದೆ. ದಿನವೂ ಆತನ ಹಿಂದಿನ ಸೀಟಿನಲ್ಲಿ ಕುಳಿತು ಆತನ ಕೈಗಳನ್ನು ನೋಡುತ್ತಿದ್ದೆ. ನೇರ ರಸ್ತೆಯಲ್ಲಿ ಅವು ಸ್ಟಿಯರಿಂಗ್ ಚಕ್ರದ ಎಡಬಲಗಳಲ್ಲಿ ಸಮನಾಗಿರುತ್ತಿದ್ದವು. ಹೆಬ್ಬೆರಳುಗಳು ಮಾತ್ರ ಒಳಕ್ಕೆ ಸುತ್ತಿಕೊಳ್ಳದೆ ಹೊರಗೇ ನಿಲ್ಲುತ್ತಿದ್ದವು. ತಿರುವಿನಲ್ಲಿ ಒಂದು ಕೈ ಬಿಡುವ ಮೊದಲೇ ಇನ್ನೊಂದು ಹಿಡಿದಿರುತ್ತಿತ್ತು. ಬಿಗಿಯಾಗಿ ಏಕೆ ಹಿಡಿಯುವುದಿಲ್ಲವೆಂದು ಒಮ್ಮೆ ಕೇಳಿದೆ.

“ನೀವು ಬೆತ್ತ ಹಿಡಿಯುವ ಹಾಗೆ ಹಿಡಿದ್ರೆ, ಟಯರು ಕಲ್ಲಿಗೆ ತಾಗಿದ ಕೂಡ್ಲೆ ಹೆಬ್ಬೆರಳು ಮುರೀತದೆ ಮಾಷ್ಟ್ರೇ. ಮತ್ತೆ ನಿಮ್ಮ ಶಾಲೆಯ ಮಕ್ಕಳಿಗೆ ಹಬ್ಬ,” ಎಂದಿದ್ದ.

ಒಂದು ದಿನ ಕದ್ರಿಯ ಇಳಿಜಾರಿನ ತಿರುವಿನಲ್ಲಿ ದನವೊಂದು ಅಡ್ಡಬಂತು. ಬಸ್ಸು ಅದನ್ನು ತಪ್ಪಿಸಿ, ರಸ್ತೆಬದಿಯ ಮುರಕಲ್ಲಿನ ಪಾಗಾರದ ಗೋಡೆಗೆ ಒರಸಿ ನಿಂತಿತು. ಬಸ್ಸಿನಲ್ಲಿದ್ದ ಮುದುಕರೊಬ್ಬರ ಮೊಣಕೈ ಮುರಿಯಿತು. ಆತನ ಹಿಡಿತ ಒಮ್ಮೆಯೂ ತಪ್ಪಿರಲಿಲ್ಲ; ನಾನು ಕಣ್ಣಾರೆ ಕಂಡಿದ್ದೆ.

ಬಸ್ಸಿನ ಧನಿಗಳು ಲಿಖಿತ ಹೇಳಿಕೆ ಕೇಳಿದರು. ಆತನಿಗೆ ಬರೆಯಲು ಬಾರದು, ನನ್ನಲ್ಲಿಗೆ ಬಂದ.

“ತಿರುವಿನಲ್ಲಿ ಕೈ ಬಿಟ್ಟು ಬಿಟ್ಟು ಹಿಡಿದೆ ಅಂತ ಬರೀರಿ ಮಾಷ್ಟ್ರೇ.”

ಬರೆದು ಓದಿ ನೋಡಿದೆ. ಎರಡನೆಯ ‘ಬಿಟ್ಟು’ ಪುನರುಕ್ತಿದೋಷವೆನಿಸಿತು. ಅದನ್ನು ಹೊಡೆದುಹಾಕಿ ಶುದ್ಧಪ್ರತಿ ತೆಗೆದೆ. ಆತ ಹೆಬ್ಬೆಟ್ಟು ಒತ್ತಿದ.

ಮರುದಿನ ನಮ್ಮಿಬ್ಬರನ್ನೂ ಬಸ್ಸಿನ ಶೆಡ್ಡಿಗೆ ಕರೆಸಿ ಧನಿಗಳು ಅದನ್ನು ಗಟ್ಟಿಯಾಗಿ ಓದಿದರು. “‘ತಿರುವಿನಲ್ಲಿ ಕೈ ಬಿಟ್ಟು ಹಿಡಿದೆ.’ ಇಳಿಜಾರಿನಲ್ಲಿ ಸ್ಟಿಯರಿಂಗ್ ಬಿಡುವುದುಂಟಾ ಮಾರಾಯ? ಮಾಷ್ಟ್ರೇ, ಇವ ಹೇಳಿದ್ದನ್ನೇ ಬರೆದದ್ದಲ್ವಾ?”

ಆಗ ಹೊಳೆಯಿತು... ಅದು ದೋಷವಲ್ಲ, ದ್ವಿರುಕ್ತಿ. ಕ್ರಿಯೆಯು ಮತ್ತೆ ಮತ್ತೆ ನಡೆಯಿತೆಂದು ತಿಳಿಸಲು ಪದವನ್ನು ಎರಡು ಸಲ ಹೇಳುವ ಕ್ರಮ; ಅದೇ ವಾರ ತರಗತಿಯಲ್ಲಿ ಕಲಿಸಿದ್ದೆ. ಎರಡು ‘ಬಿಟ್ಟು’ಗಳಿದ್ದರೆ ಚಕ್ರವನ್ನು ಕೈಯಿಂದ ಕೈಗೆ ದಾಟಿಸಿದನೆಂದು ಅರ್ಥ, ಒಂದೇ ಇದ್ದರೆ ಎರಡೂ ಕೈ ಬಿಟ್ಟನೆಂದು. ಆತ ನನ್ನ ಮುಖ ನೋಡುತ್ತಿದ್ದ. ಆದರೆ ಅಲ್ಲಿ ಗುಮಾಸ್ತರಾಗಿ ನಿಂತಿದ್ದ ಇಬ್ಬರು ನನ್ನ ಹಳೆಯ ವಿದ್ಯಾರ್ಥಿಗಳು. ಅವರೆದುರು ನನ್ನ ವಾಕ್ಯ ತಪ್ಪೆಂದು ಒಪ್ಪಲು ನಾಲಿಗೆ ಏಳಲಿಲ್ಲ.

“ಹೌದು,” ಎಂದೆ.

ಆತನ ಕೆಲಸ ಅಂದೇ ಹೋಯಿತು. ಬೇರೆ ಯಾವ ಧನಿಯೂ ಬಸ್ಸು ಕೊಡಲಿಲ್ಲ. ಮುಂದೊಮ್ಮೆ ಬಂದರಿನಲ್ಲಿ ಹಂಚು ಹೊರುತ್ತಿದ್ದವನನ್ನು ದೂರದಿಂದ ಕಂಡೆ; ಪಕ್ಕದ ಅಂಗಡಿಗೆ ನುಗ್ಗಿ, ಬೇಡದ ದಾರದುಂಡೆಯೊಂದನ್ನು ಕೊಂಡು, ಆತ ಮರೆಯಾಗುವವರೆಗೂ ಅಲ್ಲೇ ನಿಂತೆ...

ನಾನೀಗ ಶಾಲೆಯನ್ನು ಬಿಟ್ಟಿದ್ದೇನೆ. ಅಂಗಿ ಮಡಿಸಿಟ್ಟ ಮರುದಿನ ಬೋಳಾರದಲ್ಲಿರುವ ಆತನ ಮನೆಯನ್ನು ಹುಡುಕಿಕೊಂಡು ಹೋದೆ. ಆತ ತೀರಿಕೊಂಡು ಮೂರು ಮಳೆಗಾಲ ಕಳೆದಿತ್ತು. ನಾನು ಯಾರೆಂದು ಹೇಳಿದಾಗ ಆತನ ಹೆಂಡತಿ ಬೆಲ್ಲ, ನೀರು ತಂದಿಟ್ಟರು.

“ಮೊದಲು ಕೈ ಬಿಡ್ಲೇ ಇಲ್ಲ ಅಂತಿದ್ರು. ಮತ್ತೆ ಮತ್ತೆ ಅವರಿಗೇ ಸಂಶಯ ಬಂತು. ‘ಬಿಟ್ಟಿರ್ಬೇಕು ನಾನು, ಮಾಷ್ಟ್ರು ಬರೆದದ್ದು ತಪ್ಪಾಗ್ಲಿಕ್ಕಿಲ್ಲ’ ಅಂತ ಹೇಳಿಕೊಂಡೇ ಹೋದ್ರು.”

“ಬಿಟ್ಟಿರಲಿಲ್ಲ. ತಪ್ಪು ನನ್ನದು,” ಎಂದೆ.

ಆಕೆ ಬೆಲ್ಲದ ತಟ್ಟೆಯನ್ನು ನನ್ನತ್ತ ಸರಿಸಿದರು.

“ಅವರಿರುವಾಗ ಒಮ್ಮೆ ಬರಬಹುದಿತ್ತಲ್ಲ ಮಾಷ್ಟ್ರೇ.”