ಲಿಂಗಮ್ಮನ ಕಣ ದಾಟುವ ದಾರಿ

ಬಸವರಾಜೇಶ್ವರಿಗೆ ಸಿಟ್ಟು ಬಂತೆಂದರೆ ಇಷ್ಟು ವರ್ಷ ಕಲಿತ ಬೆಂಗಳೂರು ಮಾತೆಲ್ಲ ಉದುರಿಹೋಗಿ ಒಳಗಿನ ಬ್ಯಾಡಗಿ ಹೊರಗೆ ಬೀಳುತ್ತದೆ. ವಿಜಯನಗರದ ಮಾರ್ಕೆಟ್ ರಸ್ತೆಯಲ್ಲಿರುವ ಅವಳ ಯೂನಿಫಾರಂ ಅಂಗಡಿಗೆ ಬರುವವರಿಗೆಲ್ಲ ಇದು ಗೊತ್ತಿರುವ ಸಂಗತಿ. "ಯಾವ ಸ್ಕೂಲು? ಎಷ್ಟನೇ ಕ್ಲಾಸು?" ಎಂದು ನಯವಾಗಿ ಕೇಳುತ್ತಾ ಟೇಪು ಹಿಡಿದು ಅಳತೆ ತೆಗೆಯುತ್ತಿರುವ ಹೆಂಗಸು, ಫುಟ್‌ಪಾತಿನ ಮೇಲೆ ಸ್ಕೂಟರ್ ಹತ್ತಿಸಿಕೊಂಡು ಬಂದವನನ್ನು ಕಂಡ ಕೂಡಲೇ ಟೇಪನ್ನು ಮಗುವಿನ ಕೊರಳಲ್ಲೇ ಬಿಟ್ಟು ಬೀದಿಗಿಳಿಯುತ್ತಾಳೆ. "ಏ ತಮ್ಮಾ, ಕಣ್ಣ್ ಕಾಣಂಗಿಲ್ಲೇನ್ ನಿನಗ? ಮಂದಿ ನಡ್ಯಾಕ್ ಮಾಡಿದ್ದೈತಿ ಇದು!" ಒಳಗೆ ಬಟ್ಟೆ ಕತ್ತರಿಸುತ್ತಿರುವ ಗಂಡ ಬಸವಲಿಂಗಪ್ಪ ತಲೆ ಎತ್ತದೆ ಗಿರಾಕಿಗೆ ಹೇಳುತ್ತಾರೆ: "ಕೂತ್ಕೊಳ್ಳಿ, ಈಗ ಬರ್ತಾರೆ. ದಿನಾ ಇದ್ದದ್ದೇ."

ಸೈಕಲ್ ಹತ್ತಿದ್ದೂ ಸಿಟ್ಟಿನಿಂದಲೇ. ಸಕ್ಕರೆ ಕಾಯಿಲೆ ಬಂದ ಮೇಲೆ ಡಾಕ್ಟರು ವಾಕಿಂಗ್ ಹೇಳಿದರು. ಪಾರ್ಕಿಗೆ ಹೋದರೆ ಅಲ್ಲಿನ ಹೆಂಗಸರು ಸುತ್ತು ಹಾಕುವುದಕ್ಕಿಂತ ಹೆಚ್ಚಾಗಿ ಬೇರೆಯವರ ಸೊಸೆಯರ ಸುದ್ದಿ ಆಡುತ್ತಿದ್ದರು. ವಾರವೂ ತುಂಬುವ ಮೊದಲೇ ಮೂವರ ಜೊತೆ ಮಾತು ಬಿಟ್ಟು ಬಂದವಳು, ರಾಜಾಜಿನಗರದ ಅಂಗಡಿಯೊಂದರಲ್ಲಿ ಗ್ರಾವೆಲ್ ಬೈಕು ಕೊಂಡಳು. ಡಾಂಬರಿನ ಮೇಲೂ ಓಡುವ, ಕಲ್ಲುಮಣ್ಣಿನ ದಾರಿಗೂ ಜಗ್ಗದ, ದಪ್ಪ ಟೈರಿನ, ಟಗರಿನ ಕೊಂಬಿನಂತೆ ಬಾಗಿದ ಹ್ಯಾಂಡಲಿನ ಸೈಕಲ್ಲು. ಹಬ್ಬದ ಸೀರೆ, ಬಳೆ, ತಂಗಿಯ ಮಗಳ ಮದುವೆಗೆಂದು ಮಾಡಿಸಬೇಕಿದ್ದ ಸರ, ಎಲ್ಲವನ್ನೂ ಬಿಟ್ಟು ಕೊಂಡದ್ದು. ಐವತ್ತು ದಾಟಿದ ಹೆಂಗಸು ಚೂಡಿದಾರದ ಮೇಲೆ ಹೆಲ್ಮೆಟ್ಟು ಹಾಕಿ ಹೊರಟಾಗ ಬೀದಿ ನಕ್ಕಿತು. ನಗಲಿ ಎಂದಳು.

ಭಾನುವಾರ ಬೆಳಕು ಹರಿಯುವ ಮೊದಲೇ ಹೊಸಹಳ್ಳಿ ಮೆಟ್ರೊ ಕೆಳಗಿನಿಂದ ಹಾದು, ಮೈಸೂರು ರಸ್ತೆ ಹಿಡಿದು, ವೃಷಭಾವತಿಯ ನಾತಕ್ಕೆ ಮೂಗು ಮುಚ್ಚಿಕೊಂಡು ಕೆಂಗೇರಿ ದಾಟಿದಳೆಂದರೆ ಅವಳ ರಾಜ್ಯ ಶುರು. ಅಲ್ಲಿಂದ ಮುಂದೆ ಹೆದ್ದಾರಿ ಬಿಟ್ಟು, ಹಳ್ಳಿಗಳ ಒಳದಾರಿ ಹಿಡಿದು ಹೋದರೆ ಒಂದು ಹಳೆಯ ನಾಲೆ ಸಿಗುತ್ತದೆ. ಅದರ ಏರಿಯ ಮೇಲೆ ಎತ್ತಿನ ಗಾಡಿ ಅಗಲದ ಮಣ್ಣುದಾರಿ. ಒಂದು ಪಕ್ಕ ನೀರು, ಇನ್ನೊಂದು ಪಕ್ಕ ಹಿಪ್ಪುನೇರಳೆ, ರಾಗಿ, ಹುರುಳಿ. ಆ ದಾರಿಯಲ್ಲಿ ಅವಳನ್ನು ಸಿಟ್ಟಿಗೇಳಿಸುವವರು ಯಾರೂ ಇರಲಿಲ್ಲ. ವಾರದಲ್ಲಿ ಅಷ್ಟು ಹೊತ್ತು ಮಾತ್ರ ಅವಳ ಹಣೆಯ ಗಂಟು ಬಿಚ್ಚಿರುತ್ತಿತ್ತು.

ಏರಿ ಒಂದು ಕಡೆ ಕುಸಿದಿತ್ತು. ಯಾವುದೋ ಮಳೆಗಾಲದಲ್ಲಿ ಹೋದದ್ದನ್ನು ಯಾರೂ ಕಟ್ಟಿರಲಿಲ್ಲ. ಅಲ್ಲಿ ಕೆಳಗಿಳಿದು ಲಿಂಗಮ್ಮ ಎಂಬ ಮುದುಕಿಯ ಮನೆಯ ಪಕ್ಕದ ಕಣವನ್ನು ದಾಟಿ ಮತ್ತೆ ಏರಿ ಹತ್ತಬೇಕು. ಬೇರೆ ದಾರಿಯಿಲ್ಲ. ಊರಿನವರೆಲ್ಲ ರಾಗಿಯನ್ನು ಟಾರು ರಸ್ತೆಗೆ ಹಾಕಿ ಲಾರಿ ಚಕ್ರದಡಿ ಒಕ್ಕಿಸುವ ಈ ಕಾಲದಲ್ಲೂ ಲಿಂಗಮ್ಮ ಮಾತ್ರ ನೆಲ ತಟ್ಟಿ, ಸಗಣಿ ಸಾರಿಸಿ, ಕನ್ನಡಿಯಂಥ ಕಣ ಮಾಡುತ್ತಿದ್ದಳು. ತನ್ನ ಮನೆಯ ಮುದ್ದೆಯಲ್ಲಿ ಕಲ್ಲು ಸಿಕ್ಕಬಾರದು ಎಂಬುದು ಅವಳ ಹಟ.

ಮೊದಲ ಸಲ ಬಂದಾಗ ಬಸವರಾಜೇಶ್ವರಿ ಕಣದ ಅಂಚಿನಲ್ಲಿ ನಿಂತು, ಶೂ ಬಿಚ್ಚಿ ಹ್ಯಾಂಡಲಿಗೆ ನೇತುಹಾಕಿ, ಸೈಕಲನ್ನು ಹೆಗಲ ಮೇಲೆ ಹೊತ್ತು ಬರಿಗಾಲಲ್ಲಿ ದಾಟಿದಳು. ಬೈಯಲು ಬಾಯಿ ತೆರೆದಿದ್ದ ಲಿಂಗಮ್ಮ ಹಾಗೇ ನಿಂತಳು.

"ಯಾವೂರವ್ವ ನೀನು?"

"ಬೆಂಗಳೂರಮ್ಮಾ."

"ಬೆಂಗ್ಳೂರೋರು ಕಣಕ್ಕೆ ಮೆಟ್ಟು ಬುಟ್ಟು ಬತ್ತಾರಾ? ಸುಳ್ಳು ಏಳ್ಬ್ಯಾಡ."

"ಹುಟ್ಟಿದ್ದು ಬ್ಯಾಡಗಿ ಕಡೆ. ನಮ್ಮಪ್ಪ ಕಣದಲ್ಲಿ ಚಪ್ಪಲಿ ಹಾಕ್ಕೊಂಡವರ್ನ ಬಾರುಕೋಲು ತಗೊಂಡು ಓಡಿಸ್ತಿದ್ರು."

ಮುದುಕಿ ನಕ್ಕು ಒಂದು ಚೊಂಬು ಮಜ್ಜಿಗೆ ಕೊಟ್ಟಳು. ಇನ್ನೊಬ್ಬರನ್ನು ಕರೆತರಬಹುದೇ ಎಂದು ಕೇಳಿದಾಗ, "ನಿನ್ನಂಗೆ ದಾಟೋರಾದ್ರೆ ಯಾರಾದ್ರೂ ಬರ್ಲಿ. ನಿನ್ ಮಾತಿನ ಮ್ಯಾಲೆ ಬುಡ್ತೀನಿ" ಎಂದಳು. ಬಸವರಾಜೇಶ್ವರಿ ಮಾತು ಕೊಟ್ಟಳು. ಮೂರು ವರ್ಷ ಆ ಮಾತು ನಡೆಯಿತು.

ಆಮೇಲೆ ಕಲ್ಮೇಶ್ ಬಂದ. ಬಸವೇಶ್ವರನಗರದಲ್ಲಿ ಜಿಮ್ ಇಟ್ಟಿರುವ, ಒಂದು ಸೈಕಲ್ ಕ್ಲಬ್ಬಿಗೆ ತಾನೇ ನಾಯಕನಾದ ಹುಡುಗ. ಅವನೂ ಆರಂಭದಲ್ಲಿ ಆಂಟಿಯ ಹಿಂದೆ ಶೂ ಬಿಚ್ಚಿಯೇ ದಾಟಿದ. ನಂತರ ಆ ದಾರಿಯನ್ನು ಫೋನಿನ ಆ್ಯಪಿಗೆ ಹಾಕಿದ. ಯಾರು ಬೇಗ ಮುಗಿಸುತ್ತಾರೋ ಅವರ ಹೆಸರಿನ ಪಕ್ಕ ಒಂದು ಕಿರೀಟದ ಚಿತ್ರ ಬರುತ್ತದಂತೆ. ಶೂ ಬಿಚ್ಚಿ, ಹೊತ್ತು, ದಾಟಿ, ಮತ್ತೆ ಕಟ್ಟಿಕೊಳ್ಳುವಷ್ಟರಲ್ಲಿ ಕಿರೀಟ ಇನ್ನೊಬ್ಬನ ತಲೆಗೆ ಹೋಗುತ್ತದೆ. ಅದು ಅವನಿಗೆ ಸಹಿಸಲಾಗದ ದುಃಖ.

ಸಂಕ್ರಾಂತಿಗೆ ಬಸವರಾಜೇಶ್ವರಿ ತವರಿಗೆ ಹೋಗಿದ್ದಾಗ ಫೋನಿಗೆ ಒಂದು ವಿಡಿಯೊ ಬಂತು. ಕಲ್ಮೇಶನ ಹೆಲ್ಮೆಟ್ಟಿನ ಕ್ಯಾಮೆರಾ ತೆಗೆದದ್ದು. ಸೈಕಲ್ಲುಗಳು ಏರಿಯಿಂದ ರಭಸವಾಗಿ ಇಳಿಯುತ್ತವೆ. ಎದುರಿಗೆ ಕಣದ ನಡುವೆ ರಾಗಿಯ ರಾಶಿ, ಸುತ್ತ ಬೂದಿಯ ಗೆರೆ, ರಾಶಿಯ ನೆತ್ತಿಯಲ್ಲಿ ಗರಿಕೆ ಸಿಕ್ಕಿಸಿದ ಸಗಣಿಯ ಬೆನಕಪ್ಪ. ಪೂಜೆಗೆ ಇಟ್ಟದ್ದು. ಚಕ್ರಗಳು ರಾಶಿಯ ಅಂಚನ್ನು ಸೀಳಿಕೊಂಡು ಹೋಗುತ್ತವೆ, ಬೆನಕಪ್ಪ ಉರುಳುತ್ತಾನೆ, ಲಿಂಗಮ್ಮ ಕಿರುಚುತ್ತಾಳೆ. "ಸಾರಿ ಅಜ್ಜೀ!" ಎಂಬ ಕೂಗು, ನಗು. ಕೆಳಗೆ ಕಲ್ಮೇಶ್ ಬೆಂಕಿಯ ಚಿತ್ರ ಹಾಕಿ ಹೊಸ ದಾಖಲೆ ಎಂದು ಬರೆದಿದ್ದ.

ಊಟದ ತಟ್ಟೆ ಮುಂದಿತ್ತು. ಅವಳು ಎದ್ದು ಕೈ ತೊಳೆದಳು. ಸಿಟ್ಟಿಗೆ ಕಣ್ಣು ತುಂಬಿ ಬಂದದ್ದನ್ನು ತಂಗಿ ಕಂಡು, ಬೆಂಗಳೂರಲ್ಲಿ ಯಾರೋ ತೀರಿಕೊಂಡರೆಂದೇ ತಿಳಿದಳು.

ಬೆಂಗಳೂರಿಗೆ ಬಂದಿಳಿದವಳು ಮನೆಗೂ ಹೋಗದೆ, ಬ್ಯಾಗು ಹಿಡಿದುಕೊಂಡೇ ಜಿಮ್ಮಿಗೆ ನುಗ್ಗಿದಳು.

"ಆಂಟಿ, ಸಾರಿ ಅಂದ್ವಲ್ಲ," ಎಂದ ಕಲ್ಮೇಶ್. "ಬ್ರೇಕ್ ಹಾಕಿದ್ರೆ ಬೀಳ್ತಿದ್ವಿ. ಅದೂ ಅಲ್ದೆ ಅದೇನು ದೇವ್ರು ಅಂತ ನಮಗೆ ಹೇಗೆ ಗೊತ್ತಾಗ್ಬೇಕು? ಸಗಣಿ ಉಂಡೆ ಥರ ಇತ್ತು."

"ನಿಮ್ಮನಿ ಮದಿವ್ಯಾಗ ಪಂಕ್ತಿಗೆ ಎಲಿ ಹಾಕಿ ಬಡ್ಸಿರ್ತಾರಲ್ಲ, ಅದರ ಮ್ಯಾಲೆ ಸೈಕಲ್ ಹೊಡಿತೀಯೇನ್? ಅದೂ ಗೊತ್ತಾಗಂಗಿಲ್ಲೇನ್ ನಿನಗ? ನಾ ಮಾತು ಕೊಟ್ಟಿದ್ದೆ ಆ ಯಮ್ಮಗ! ನನ್ನ ಮಾತಿನ ಮ್ಯಾಲೆ ಸೈಕಲ್ ಹತ್ತಿಸ್ಕೊಂಡ್ ಹೋಗೀಯಲ್ಲೋ!"

ಟ್ರೆಡ್‌ಮಿಲ್ ಮೇಲಿದ್ದವರು ಓಟ ನಿಲ್ಲಿಸಿ ನೋಡಿದರು. ಬಂದು ಕ್ಷಮೆ ಕೇಳು ಎಂದಳು. "ನೋಡೋಣ ಆಂಟಿ, ಈ ವಾರ ಬ್ಯುಸಿ" ಎಂದ. ಯಾವ ವಾರವೂ ಬರಲಿಲ್ಲ.

ಲಿಂಗಮ್ಮ ಕಣಕ್ಕೆ ಜಾಲಿಮುಳ್ಳು ಕಡಿದು ಹಾಕಿಸಿದಳು. ಬಸವರಾಜೇಶ್ವರಿ ಒಬ್ಬಳೇ ಹೋಗಿ ಕಾಲಿಗೆ ಬಿದ್ದಾಗ, "ನೀನ್ ಏನ್ ಮಾಡ್ದೆ ಬುಡವ್ವ. ಪಕ್ದಾಗೆ ಸಂದು ಬುಟ್ಟಿವ್ನಿ, ನೀನ್ ಬಾ" ಎಂದಳು. ಬೈದಿದ್ದರೆ ಹಗುರಾಗುತ್ತಿತ್ತು. ಬಯ್ಯಲಿಲ್ಲವಲ್ಲ ಎಂದು ದಾರಿಯುದ್ದಕ್ಕೂ ಸಂಕಟಪಟ್ಟಳು.

ಕ್ಲಬ್ಬಿನವರು ಸುಮ್ಮನಿರುವ ಜಾತಿಯಲ್ಲ. ನಾಲೆಯ ಏರಿ ಸರ್ಕಾರದ್ದು, ಅದನ್ನು ಮುಳ್ಳು ಹಾಕಿ ಮುಚ್ಚಲು ಮುದುಕಿ ಯಾರು ಎಂದು ಅರ್ಜಿ ಬರೆದರು. ಸರ್ವೆಯವರು ಬಂದು ಅಳೆದರೆ, ಮಾವನ ಕಾಲದಿಂದ ಲಿಂಗಮ್ಮ ತನ್ನದೆಂದೇ ಸಾರಿಸುತ್ತಿದ್ದ ಕಣದ ಮುಕ್ಕಾಲು ಪಾಲು ಏರಿಯ ಜಾಗವೆಂದು ತೋರಿತು. ಎಷ್ಟೋ ಮಳೆಗಾಲ ಕುಸಿದ ಏರಿಯ ಕಡೆ ತಿರುಗಿಯೂ ನೋಡದಿದ್ದ ನೀರಾವರಿ ಇಲಾಖೆಯವರಿಗೆ ಈಗ ಎಲ್ಲಿಲ್ಲದ ಹುರುಪು. ಶ್ರಾವಣದಲ್ಲಿ ಜೆಸಿಬಿ ಬಂತು. ಕಣದ ಮೇಲೆ ಮಣ್ಣು ಸುರಿದು, ಏರಿ ಕಟ್ಟಿ, ಮೇಲೆ ಜಲ್ಲಿ ಹಾಸಿದರು.

ಅರ್ಜಿ ಬೇಡ ಎಂದು ಕ್ಲಬ್ಬಿನ ವಾಟ್ಸಾಪ್ ಗುಂಪಿನಲ್ಲಿ ಬರೆದಿದ್ದ ಬಸವರಾಜೇಶ್ವರಿಯನ್ನು ಗುಂಪಿನಿಂದಲೇ ತೆಗೆದಿದ್ದರು. ಅವಳೂ ಇಲಾಖೆಯ ಬಾಗಿಲು ತಟ್ಟಿದಳು. ನಕ್ಷೆ ನೋಡಿಕೊಳ್ಳಿ ಮೇಡಂ ಎಂದರು. ನಕ್ಷೆಯಲ್ಲಿ ಕಣ ಇರಲಿಲ್ಲ. ವಾರಗಟ್ಟಲೆ ಅಂಗಡಿಯಲ್ಲಿ ಕತ್ತರಿಯನ್ನು ಮೇಜಿಗೆ ಕುಕ್ಕಿ ಇಡುತ್ತಿದ್ದಳು. ಬಸವಲಿಂಗಪ್ಪನವರು ತಮಾಷೆ ಮಾಡುವುದನ್ನು ಬಿಟ್ಟರು.

ಡಿಸೆಂಬರಿನಲ್ಲಿ ಒಬ್ಬ ಗಿರಾಕಿ ನಗುನಗುತ್ತಾ ಫೋನು ತೋರಿಸಿದ. "ಕಂಗ್ರಾಟ್ಸ್ ಆಂಟಿ! ಭಾನುವಾರ ಉದ್ಘಾಟನೆ ಅಂತೆ!" ಕ್ಲಬ್ಬಿನ ಪೋಸ್ಟರು. ದೊಡ್ಡ ಅಕ್ಷರದಲ್ಲಿ 'ರಾಜೇಶ್ವರಿ ಆಂಟಿ ಗ್ರಾವೆಲ್ ರೂಟ್'. ಅವಳನ್ನು ಸಮಾಧಾನ ಮಾಡಲು ಕಲ್ಮೇಶ್ ಕಂಡುಕೊಂಡ ಉಪಾಯ ಅದು. ಮುದುಕಿಯ ಕಣ ಮುಚ್ಚಿದ ದಾರಿಗೆ ಅವಳ ಹೆಸರು! ಮೈಯೆಲ್ಲ ಉರಿದುಹೋಯಿತು.

ಭಾನುವಾರ ಎಲ್ಲರಿಗಿಂತ ಮೊದಲೇ ಹೋದಳು. ಹೊಸ ಏರಿ ಮನೆಯ ಗೋಡೆಗೆ ತಾಗುವಂತೆ ಹಾದುಹೋಗಿತ್ತು. ಉಳಿದ ಚೂರು ಅಂಗಳದಲ್ಲಿ ರಾಗಿಯ ಹೊರೆಗಳು ಒಕ್ಕಲು ಜಾಗವಿಲ್ಲದೆ ಬಿದ್ದಿದ್ದವು. ಲಿಂಗಮ್ಮ ಹಿಡಿಯಷ್ಟು ತೆನೆಗಳನ್ನು ಮೊರದಲ್ಲಿಟ್ಟುಕೊಂಡು ಅಂಗೈಯಲ್ಲಿ ಉಜ್ಜುತ್ತಾ ಕೂತಿದ್ದಳು. ದೂರದಲ್ಲಿ ನಾಲೆಯುದ್ದಕ್ಕೂ ಬಣ್ಣಬಣ್ಣದ ಜೆರ್ಸಿಗಳ ಸಾಲು ಕಾಣಿಸಿತು. ಸೀಟಿ, ಕೇಕೆ.

ಬಸವರಾಜೇಶ್ವರಿ ಸೈಕಲನ್ನು ಗೋಡೆಗೆ ಒರಗಿಸಿ, ಅಂಗಳದಿಂದ ಒಂದು ಹೊರೆ ಎತ್ತಿ ತಲೆಯ ಮೇಲಿಟ್ಟು ಏರಿಗೆ ಹತ್ತಿದಳು.

"ಏನವ್ವ ಮಾಡ್ತಿದ್ದೀಯ?"

"ಸರ್ಕಾರಿ ರಸ್ತೆ ಅಂದ್ರಲ್ಲ, ಸರ್ಕಾರಿ ರಸ್ತೆ ಮ್ಯಾಲೆ ರಾಗಿ ಹಾಕೋದು ಊರೆಲ್ಲ ಮಾಡ್ತೈತಿ! ಈ ತುದಿಯಿಂದ ಆ ತುದಿ ಹಾಸ್ತೇನಿ. ಹ್ಯಾಂಗ್ ಹೋಗ್ತಾರೋ ಹೋಗ್ಲಿ!"

ಲಿಂಗಮ್ಮ ಮೊರ ಬಿಟ್ಟು ಎದ್ದು ಬಂದು ಅವಳ ರಟ್ಟೆ ಹಿಡಿದಳು. "ಬ್ಯಾಡ ಕಣವ್ವ. ಕೆಳಗೆ ಜಲ್ಲಿ. ಕಲ್ಲಾಯ್ತದೆ. ವರ್ಸೆಲ್ಲ ತಿನ್ನೋರು ನಾವು. ನಿನ್ ಸಿಟ್ಟಿಗೆ ನನ್ ರಾಗಿ ಯಾಕೆ?"

ಅವಳ ದನಿಯಲ್ಲಿ ಮುನಿಸಿರಲಿಲ್ಲ. ಮಕ್ಕಳಿಗೆ ಹೇಳುವಂತೆ ಹೇಳಿದಳು. ಬಸವರಾಜೇಶ್ವರಿಗೆ ಕಪಾಳಕ್ಕೆ ಬಿದ್ದಂತಾಯಿತು. ಕಲ್ಮೇಶನಿಗೆ ಬೇಕಿದ್ದದ್ದು ಈ ಮುದುಕಿಯ ನೆಲ. ತನಗೀಗ ಬೇಕಾಗಿರುವುದು ಇವಳ ಕಾಳು. ಇಬ್ಬರೂ ಇವಳನ್ನು ಒಂದು ಮಾತು ಕೇಳಿರಲಿಲ್ಲ. ಹೊರೆಯನ್ನು ಇಳಿಸಿ, ಎಲ್ಲಿಂದ ಎತ್ತಿದ್ದಳೋ ಅಲ್ಲಿಯೇ ಇಟ್ಟು, ಉದುರಿದ ತೆನೆಗಳನ್ನು ಒಂದೊಂದಾಗಿ ಆರಿಸಿ ಮೊರಕ್ಕೆ ಹಾಕಿದಳು.

ಆಮೇಲೆ ಗೋಡೆಗೆ ಒರಗಿದ್ದ ತನ್ನ ಸೈಕಲನ್ನು ಎತ್ತಿಕೊಂಡು ಬಂದು, ಜಲ್ಲಿಯ ಮೇಲೆ ದಾರಿಗೆ ಅಡ್ಡಲಾಗಿ ಮಲಗಿಸಿ ಪಕ್ಕದಲ್ಲಿ ನಿಂತಳು. ಒಂದು ಕಡೆ ಮನೆಯ ಗೋಡೆ, ಇನ್ನೊಂದು ಕಡೆ ನಾಲೆ. ಸರಿದು ಹೋಗಲು ಜಾಗವಿರಲಿಲ್ಲ.

ಮುಂದೆ ಬರುತ್ತಿದ್ದ ಕಲ್ಮೇಶ್ ಕಿರ್ರನೆ ಬ್ರೇಕ್ ಹಾಕಿದ. ಹಿಂದಿನವರು ಒಬ್ಬರಿಗೊಬ್ಬರು ತಾಗಿ ನಿಂತರು.

"ಆಂಟಿ! ನಿಮಗೋಸ್ಕರಾನೇ ಕಾಯ್ತಿದ್ವಿ. ಸೈಕಲ್ ಸೈಡಿಗಿಡಿ, ಆಂಟಿ. ಬಿದ್ಬಿಟ್ಟಿದೆ."

"ಬಿದ್ದಿಲ್ಲ. ಮಲಗಿಸೇನಿ."

"ಮತ್ತೆ ನಾವು ಹೇಗೆ ಹೋಗೋದು?"

"ಇದನ್ನ ತುಳ್ಕೊಂಡ್ ಹೋಗು," ಎಂದಳು ಬಸವರಾಜೇಶ್ವರಿ. "ಇದು ನಂದು. ಯಾರನ್ನೂ ಕೇಳೋದ್ ಬೇಕಾಗಿಲ್ಲ, ನಾನಾ ಹೇಳಾಕತ್ತೇನಿ. ತುಳ್ಕೊಂಡ್ ಹೋಗು."